ಪುಡಿಯನ್ನು ಅಂಟಿಸಿದ ಮನುಷ್ಯ: ಚೆಸ್ಟರ್ ಕಾರ್ಲ್ಸನ್

ಪರೀಕ್ಷೆ ಹತ್ತಿರ ಬಂತೆಂದರೆ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಬೇರೆಯವರ ನೋಟ್ಸು, ಹಳೆಯ ಪ್ರಶ್ನಪತ್ರಿಕೆ, ಲೈಬ್ರರಿಯಿಂದ ಒಂದು ಗಂಟೆಯ ಮಟ್ಟಿಗೆ ಕೇಳಿ ತಂದ ಪುಸ್ತಕ, ಎಲ್ಲವೂ ಅಲ್ಲಿ ಒಂದು ಹೋಗಿ ನಾಲ್ಕಾಗಿ ಹೊರಗೆ ಬರುತ್ತವೆ. ಮೆಷಿನ್ನಿನಿಂದ ಆಗತಾನೇ ಬಂದ ಹಾಳೆ ಬೆಚ್ಚಗಿರುತ್ತದೆ. ಯಾಕೆ ಬೆಚ್ಚಗೆ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಆ ಹಾಳೆಯ ಮೇಲಿರುವುದು ಶಾಯಿ ಅಲ್ಲ, ಪುಡಿ. ರಾಳಕ್ಕೆ ಕಪ್ಪು ಬಣ್ಣ ಬೆರೆಸಿ ಅರೆದ ಪುಡಿ. ಕಾಗದದ ಮೇಲೆ ಕೂತು, ಬಿಸಿ ತಾಗಿ ಕರಗಿ, ನಾರಿನೊಳಗೆ ಇಳಿದು ಗಟ್ಟಿಯಾಗಿದೆ. ಒಂದೊಂದು ಕಣ ಸುಮಾರು ಹತ್ತು ಮೈಕ್ರಾನ್, ಈಗಿನ ಯಂತ್ರಗಳಲ್ಲಿ ಅದಕ್ಕೂ ಕಡಿಮೆ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಎಂದು ನೆನಪಿದ್ದವರಿಗೆ ಅದು ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ.

ಈ ಪುಡಿ ಅಕ್ಷರ ಇರುವಲ್ಲಿ ಅಂಟಬೇಕು, ಬಿಳಿ ಇರುವಲ್ಲಿ ಅಂಟಬಾರದು. ಮೊದಲು ಅಂಟಿದ ಜಾಗದಿಂದ ಕರೆದಾಗ ಎದ್ದು ಕಾಗದಕ್ಕೆ ಬರಬೇಕು, ಕಾಗದಕ್ಕೆ ಬಂದ ಮೇಲೆ ಮಾತ್ರ ಜನ್ಮಕ್ಕೂ ಏಳಬಾರದು. ಹೇಳುವುದಕ್ಕೆ ನಾಲ್ಕು ಮಾತು. ಇದನ್ನು ಸಾಧಿಸುವಷ್ಟರಲ್ಲಿ ಒಬ್ಬ ಮನುಷ್ಯನ ಯೌವನ ಮುಗಿದುಹೋಯಿತು. ಅವನ ಹೆಸರು ಚೆಸ್ಟರ್ ಫ್ಲಾಯ್ಡ್ ಕಾರ್ಲ್ಸನ್. ಅಂಗಡಿಯ ಬೋರ್ಡುಗಳಲ್ಲಿ ಎಲ್ಲೂ ಅವನ ಹೆಸರಿಲ್ಲ.

ಕಾರ್ಲ್ಸನ್ ಹುಟ್ಟಿದ್ದು 1906ರ ಫೆಬ್ರವರಿ 8ರಂದು, ಅಮೆರಿಕದ ಸಿಯಾಟಲ್ ಊರಿನಲ್ಲಿ. ತಂದೆ ಕ್ಷೌರಿಕ. ಅವನಿಗೆ ಕ್ಷಯ, ಅದರ ಮೇಲೆ ಬೆನ್ನನ್ನು ಬಗ್ಗಿಸಿಬಿಟ್ಟ ಸಂಧಿವಾತ. ಒಣ ಹವೆಯಾದರೆ ಗುಣವಾಗಬಹುದೆಂದು, ಅಲ್ಲಿ ಜಮೀನಿದೆ ಇಲ್ಲಿ ಕೆಲಸವಿದೆ ಅಂತ ಯಾರೋ ಹೇಳಿದ್ದನ್ನು ನಂಬಿ, ಸಂಸಾರ ಊರೂರು ಅಲೆಯಿತು. ಒಂದು ಸಲ ಮೆಕ್ಸಿಕೋಗೂ ಹೋಗಿ ಬಂತು. ಅಲ್ಲಿ ಸಿಕ್ಕಿದ್ದು ತಾಯಿಗೆ ಮಲೇರಿಯಾ ಮಾತ್ರ. ಕೊನೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ನೆಲೆ ನಿಂತರು. ಹುಡುಗ ಎಂಟನೇ ವಯಸ್ಸಿಗೆ ದುಡಿಯಲು ಶುರು ಮಾಡಿದ. ಹೈಸ್ಕೂಲು ಸೇರುವ ಹೊತ್ತಿಗೆ ಮನೆಯ ಮುಖ್ಯ ಸಂಪಾದನೆ ಅವನದೇ. ಶಾಲೆಗೆ ಮುಂಚೆ ಎರಡು ಮೂರು ಗಂಟೆ ಕೆಲಸ, ಶಾಲೆ ಬಿಟ್ಟ ಮೇಲೆ ಮತ್ತೆ ಕೆಲಸ. ಹದಿನೇಳನೇ ವಯಸ್ಸಿನಲ್ಲಿ ತಾಯಿ ಕ್ಷಯದಿಂದಲೇ ತೀರಿಕೊಂಡಳು.

ಈ ನಡುವೆ ಅವನಿಗೊಂದು ಹುಚ್ಚು ಇತ್ತು, ಅದನ್ನು ನಮ್ಮ ಬಳಗದವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು. ಹತ್ತನೇ ವಯಸ್ಸಿಗೇ ಆತ ಒಂದು ಕೈಪತ್ರಿಕೆ ಹೊರಡಿಸಿ ಗೆಳೆಯರ ಕೈಯಿಂದ ಕೈಗೆ ದಾಟಿಸುತ್ತಿದ್ದ. ಆಟದ ಸಾಮಾನಿನಲ್ಲಿ ಅವನಿಗೆ ಪ್ರಿಯವಾದದ್ದು ರಬ್ಬರ್ ಅಚ್ಚಿನ ಪೆಟ್ಟಿಗೆ. ಹೈಸ್ಕೂಲಿನಲ್ಲಿದ್ದಾಗ ಊರಿನ ಪ್ರೆಸ್ಸಿನವನ ಹತ್ತಿರ ಕೆಲಸಕ್ಕೆ ನಿಂತು, ಕೂಲಿಯ ಬದಲಿಗೆ ಒಂದು ಹಳೇ ಮುದ್ರಣಯಂತ್ರ ಸಂಪಾದಿಸಿದ. ರಸಾಯನಶಾಸ್ತ್ರದ ಹವ್ಯಾಸಿಗಳಿಗಾಗಿ ಪತ್ರಿಕೆ ಶುರು ಮಾಡಿದ. ಎರಡು ಸಂಚಿಕೆ ಬಂತು, ನಿಂತಿತು. ಒಂದೊಂದೇ ಮೊಳೆ ಜೋಡಿಸಿ, ಶಾಯಿ ಬಳಿದು, ಒತ್ತಿ ತೆಗೆಯುವ ಕಷ್ಟ ಅವನಿಗೆ ಅಲ್ಲೇ ಮನಸ್ಸಿಗೆ ಹತ್ತಿತು. ಸ್ಟೆನ್ಸಿಲ್ ಕೊರೆದು ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆಂದು ನಮ್ಮ ಸಂಪಾದಕರನ್ನು ಕೇಳಿ, ಹೇಳುತ್ತಾರೆ.

ಮುಂದೆ ರಿವರ್‌ಸೈಡ್ ಎಂಬಲ್ಲಿನ ಜೂನಿಯರ್ ಕಾಲೇಜು. ಅಲ್ಲಿ ಆರು ವಾರ ಪಾಠ, ಆರು ವಾರ ಕೆಲಸ ಎನ್ನುವ ಏರ್ಪಾಡಿತ್ತು. ರೋಗಿಷ್ಠ ತಂದೆಯನ್ನೂ ಜೊತೆಗಿಟ್ಟುಕೊಂಡು ಓದಿದ. ಆಮೇಲೆ ಕ್ಯಾಲ್‌ಟೆಕ್ ಸೇರಿ 1930ರಲ್ಲಿ ಭೌತಶಾಸ್ತ್ರದ ಪದವಿ ಪಡೆದ. ಕಾಲ ಎಂಥಾದ್ದು ನೋಡಿ: 1929ರಲ್ಲಿ ಷೇರುಪೇಟೆ ಕುಸಿದಿತ್ತು, ಮಹಾ ಮುಗ್ಗಟ್ಟು ಆರಂಭವಾಗಿತ್ತು. 82 ಕಂಪನಿಗಳಿಗೆ ಅರ್ಜಿ ಹಾಕಿದ, ಒಂದರಿಂದಲೂ ಕೆಲಸ ಬರಲಿಲ್ಲ. ತಲೆಯ ಮೇಲೆ ಓದಿಗೆ ಮಾಡಿದ ಸಾಲ ಬೇರೆ. ಅಂತೂ ನ್ಯೂಯಾರ್ಕಿನ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬೇಸರ ಬಂದು ಪೇಟೆಂಟ್ ವಿಭಾಗಕ್ಕೆ ಬದಲಾಯಿಸಿಕೊಂಡ. 1933ರಲ್ಲಿ ಅಲ್ಲಿಂದಲೂ ತೆಗೆದುಹಾಕಿದರು. ಕೊನೆಗೆ ಪಿ. ಆರ್. ಮ್ಯಾಲೊರಿ ಎಂಬ ಎಲೆಕ್ಟ್ರಿಕಲ್ ಕಂಪನಿಯ ಪೇಟೆಂಟ್ ವಿಭಾಗದಲ್ಲಿ ನೆಲೆ ಸಿಕ್ಕಿತು.

ಪೇಟೆಂಟ್ ಕಚೇರಿಯ ಕೆಲಸವೆಂದರೆ ಪ್ರತಿಗಳ ಕೆಲಸ. ವಿವರಣೆ, ನಕ್ಷೆ, ಅರ್ಜಿ, ಎಲ್ಲದಕ್ಕೂ ನಾಲ್ಕಾರು ನಕಲು ಬೇಕು. ಒಂದೋ ಟೈಪಿಸ್ಟ್ ಮತ್ತೆ ಮೊದಲಿಂದ ಹೊಡೆಯಬೇಕು, ಇಲ್ಲವೇ ದುಬಾರಿ ಫೋಟೋಸ್ಟಾಟ್ ತೆಗೆಸಬೇಕು. ಹಗಲು ಇದನ್ನು ನೋಡಿ ಸಾಕಾದ ಮನುಷ್ಯ ರಾತ್ರಿ ಕಾನೂನು ಕಾಲೇಜಿಗೆ ಹೋಗತೊಡಗಿದ. ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮುಂದೆ ಬಂದ ನಮ್ಮ ಹಿರಿಯರ ವಿಷಯ ಕೇಳಿದವರಿಗೆ ಇದೇನೂ ಹೊಸ ಕಥೆಯಲ್ಲ. ಕಾನೂನು ಪುಸ್ತಕ ಕೊಳ್ಳಲು ದುಡ್ಡಿಲ್ಲ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದ. ತಂದೆಯ ಸಂಧಿವಾತ ಮಗನಿಗೂ ಬಂದಿತ್ತು. ಬರೆದು ಬರೆದು ಕೈ ಸೆಟೆದುಹೋಗುತ್ತಿತ್ತು. ಗುಂಡಿ ಒತ್ತಿದರೆ ಪ್ರತಿ ಬರುವ ಯಂತ್ರ ಬೇಕು ಎನ್ನುವ ಆಸೆ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ಈ ನೋಯುವ ಕೈಯಲ್ಲಿ.

ಇಲ್ಲಿ ಅವನು ಒಂದು ಜಾಣತನ ಮಾಡಿದ. ರಾಸಾಯನಿಕ ಫೋಟೋಗ್ರಫಿಯ ದಾರಿಯನ್ನು ಮುಟ್ಟಲೇ ಇಲ್ಲ. ಆ ಹೊಲವನ್ನು ದೊಡ್ಡ ದೊಡ್ಡ ಫಿಲ್ಮ್ ಕಂಪನಿಗಳು ಆಗಲೇ ಉತ್ತು ಮುಗಿಸಿದ್ದವು, ತಾನು ಹೊಸದೇನು ಬೆಳೆಯಲಿ ಎಂಬುದು ಅವನ ತರ್ಕ. ಅದೇ ಗ್ರಂಥಾಲಯದಲ್ಲಿ, ಬೆಳಕು ಬಿದ್ದಾಗ ವಿದ್ಯುತ್ತನ್ನು ಹರಿಯಬಿಡುವ ವಸ್ತುಗಳ ಬಗ್ಗೆ ಓದಿದ. ಹಂಗೇರಿಯ ಪಾಲ್ ಸೆಲೆನ್ಯಿ ಎಂಬ ವಿಜ್ಞಾನಿ ವಿದ್ಯುದಾವೇಶ ಮತ್ತು ಪುಡಿಯಿಂದ ಚಿತ್ರ ಮೂಡಿಸಿದ್ದನ್ನು ಓದಿದ. ಎರಡನ್ನೂ ಸೇರಿಸಿದ. ಒಂದು ಫಲಕಕ್ಕೆ ಕತ್ತಲಲ್ಲಿ ವಿದ್ಯುದಾವೇಶ ಕೊಟ್ಟು, ಅದರ ಮೇಲೆ ಪುಟದ ಬೆಳಕುನೆರಳು ಬೀಳಿಸಿದರೆ, ಬೆಳಕು ಬಿದ್ದಲ್ಲಿ ಆವೇಶ ಇಳಿದುಹೋಗುತ್ತದೆ, ಅಕ್ಷರದ ನೆರಳಿರುವಲ್ಲಿ ಉಳಿಯುತ್ತದೆ. ಉಳಿದಲ್ಲಿಗೆ ಪುಡಿ ಹೋಗಿ ಹಿಡಿದುಕೊಳ್ಳುತ್ತದೆ. 1937ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಗುಜರಾಯಿಸಿದ. ಪೇಟೆಂಟ್ ಗುಮಾಸ್ತನಲ್ಲವೇ, ಕೆಲಸ ಆಗುವ ಮೊದಲೇ ಕಾಗದಪತ್ರ ಸರಿಯಿಟ್ಟ! ನಾವು ಕಾಮರ್ಸಿನವರು ಇದನ್ನು ಮೆಚ್ಚಲೇಬೇಕು.

ಪ್ರಯೋಗ ನಡೆದದ್ದು ಅಡಿಗೆಮನೆಯಲ್ಲಿ. ಸತುವಿನ ತಗಡಿನ ಮೇಲೆ ಗಂಧಕ ಕರಗಿಸಿ ಹರಡಬೇಕು. ಒಲೆಯ ಮೇಲೆ ಗಂಧಕಕ್ಕೆ ಬೆಂಕಿ ಹತ್ತಿಕೊಂಡು ಇಡೀ ಕಟ್ಟಡಕ್ಕೆ ಕೊಳೆತ ಮೊಟ್ಟೆಯ ವಾಸನೆ. 1934ರಲ್ಲಿ ಮದುವೆಯಾಗಿದ್ದ ಹೆಂಡತಿ ಎಲ್ಸಾ ಎಷ್ಟು ದಿನ ಸಹಿಸಿಯಾಳು? ಕೊನೆಗೆ ಆಸ್ಟೋರಿಯಾ ಎಂಬ ಬಡಾವಣೆಯಲ್ಲಿ, ಒಂದು ಹೆಂಡದಂಗಡಿಯ ಮೇಲಿನ ಕೋಣೆಗೆ ಸಾಮಾನು ಸಾಗಿತು. ಅತ್ತೆಯ ಒಡೆತನದ ಕಟ್ಟಡ ಅದು. ಆಸ್ಟ್ರಿಯಾದಿಂದ ತಪ್ಪಿಸಿಕೊಂಡು ಬಂದು ಕೆಲಸವಿಲ್ಲದೆ ಕೂತಿದ್ದ ಓಟ್ಟೋ ಕೋರ್ನೈ ಎಂಬ ವಿಜ್ಞಾನಿಯನ್ನು ಸಹಾಯಕ್ಕೆ ಇಟ್ಟುಕೊಂಡ. ಕಾರ್ಲ್ಸನ್ ತನ್ನ ಸಂಬಳದಿಂದಲೇ ಅವನಿಗೆ ಸಂಬಳ ಕೊಡುತ್ತಿದ್ದ.

1938ರ ಅಕ್ಟೋಬರ್ 22. ಕೋರ್ನೈ ಒಂದು ಗಾಜಿನ ಪಟ್ಟಿಯ ಮೇಲೆ ಶಾಯಿಯಲ್ಲಿ ಆ ದಿನದ ತಾರೀಖು ಮತ್ತು ಆಸ್ಟೋರಿಯಾ ಎಂಬ ಊರಹೆಸರು ಬರೆದ. ಕಿಟಕಿಯ ಪರದೆ ಇಳಿಸಿದರು. ಗಂಧಕ ಬಳಿದ ತಗಡನ್ನು ಕರವಸ್ತ್ರದಿಂದ ಗಸಗಸ ಉಜ್ಜಿದರು. ಬಾಚಣಿಗೆ ಉಜ್ಜಿದರೆ ಕಾಗದದ ಚೂರು ಎಳೆಯುತ್ತದಲ್ಲ, ಅದೇ ಸಂಗತಿ. ಗಾಜನ್ನು ಮೇಲಿಟ್ಟು ದೀಪದ ಪ್ರಖರ ಬೆಳಕು ಕೆಲವು ಸೆಕೆಂಡು ಬಿಟ್ಟರು. ಗಾಜು ತೆಗೆದು ಲೈಕೋಪೋಡಿಯಂ ಎನ್ನುವ ಪುಡಿ ಚಿಮುಕಿಸಿದರು. ಮೆಲ್ಲಗೆ ಊದಿದರು. ಮಿಕ್ಕ ಪುಡಿಯೆಲ್ಲ ಹಾರಿಹೋಯಿತು. ತಾರೀಖು ಮತ್ತು ಊರಹೆಸರು ಪುಡಿಯ ಅಕ್ಷರಗಳಾಗಿ ತಗಡಿನ ಮೇಲೆ ಉಳಿದವು. ಮೇಣದ ಕಾಗದವನ್ನು ಅದರ ಮೇಲೊತ್ತಿ, ಬಿಸಿ ಮಾಡಿ, ಪುಡಿಯನ್ನು ಅದರಲ್ಲಿ ಹಿಡಿಸಿದರು. ಜಗತ್ತಿನ ಮೊದಲ ಝೆರಾಕ್ಸ್ ಪ್ರತಿ ಅದು.

ಈ ಘಟನೆಯನ್ನು ಹೇಳುವವರೆಲ್ಲ ವಿದ್ಯುತ್ತಿನ ಕಡೆಗೇ ಗಮನ ಕೊಡುತ್ತಾರೆ. ನನಗೆ ಸೋಜಿಗ ಅನಿಸಿದ್ದು ಆ ಊದುವಿಕೆ. ಮಿಕ್ಕ ಪುಡಿ ಯಾಕೆ ಹಾರಿಹೋಯಿತು? ಪುಡಿ ಅಂದಮೇಲೆ ಎಲ್ಲ ಕಡೆಯೂ ಕಚ್ಚಿಕೊಳ್ಳಬೇಕಿತ್ತಲ್ಲವೇ? ಈ ಜಾಗದಲ್ಲಿ ಸ್ವಲ್ಪ ನಿಲ್ಲೋಣ. ಕಾರ್ಲ್ಸನ್‌ನ ಮುಂದಿನ ಇಪ್ಪತ್ತು ವರ್ಷದ ತಾಪತ್ರಯದ ಒಂದು ದೊಡ್ಡ ಪಾಲು ಇದರಲ್ಲೇ ಅಡಗಿದೆ.

ಮನೆಯಲ್ಲಿ ರವೆಯನ್ನೂ ಮೈದಾಹಿಟ್ಟನ್ನೂ ಮುಟ್ಟಿ ನೋಡಿ. ರವೆ ಬೆರಳ ಸಂದಿಯಿಂದ ಸರಸರ ಇಳಿಯುತ್ತದೆ. ಮೈದಾ ಇಳಿಯುವುದಿಲ್ಲ, ಗಂಟು ಕಟ್ಟುತ್ತದೆ, ಡಬ್ಬಿಯ ಗೋಡೆಗೆ ಹತ್ತುತ್ತದೆ. ಕಣ ಸಣ್ಣದಾದಷ್ಟೂ ಅಂಟು ಜಾಸ್ತಿ ಅಂತ ನಮಗನಿಸುತ್ತದೆ. ವಾಸ್ತವದಲ್ಲಿ ಕಣ ಸಣ್ಣದಾದರೆ ಅಂಟುವ ಬಲವೂ ಕಮ್ಮಿಯಾಗುತ್ತದೆ, ಆದರೆ ತೂಕ ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ಅಡ್ಡಳತೆ ಹತ್ತನೇ ಒಂದು ಪಾಲಾದರೆ ಅಂಟುವ ಬಲವೂ ಹತ್ತನೇ ಒಂದು ಪಾಲು. ತೂಕವೋ ಸಾವಿರದ ಒಂದು ಪಾಲು. ಹೀಗಾಗಿ ಹತ್ತು ಮೈಕ್ರಾನಿನ ನುಣುಪಾದ ಗುಂಡು ಕಣವೊಂದು ನುಣುಪಾದ ಫಲಕದ ಮೇಲೆ ಕೂತರೆ, ಅದನ್ನು ಹಿಡಿದಿಡುವ ಬಲ ಅದರ ತೂಕದ ಹತ್ತಾರು ಸಾವಿರ ಪಟ್ಟು ಇರುತ್ತದೆ ಎಂದು ಲೆಕ್ಕ ಬರುತ್ತದೆ. ಫಲಕವನ್ನು ತಲೆಕೆಳಗು ಮಾಡಿದರೂ ಅದು ಬೀಳುವುದಿಲ್ಲ.

ಈ ಹಿಡಿತ ಅಂಟಿನದಲ್ಲ, ತೇವದ್ದೂ ಅಲ್ಲ. ಯಾವುದೇ ಎರಡು ವಸ್ತು ತೀರಾ ಹತ್ತಿರ ಬಂದರೆ ಅವುಗಳ ಅಣುಗಳ ನಡುವೆ ಒಂದು ಸೆಳೆತ ಇರುತ್ತದೆ. ಹಾಲೆಂಡಿನ ವಾನ್ ಡರ್ ವಾಲ್ಸ್ ಎಂಬವನ ಹೆಸರಿನಿಂದ ಅದನ್ನು ಕರೆಯುತ್ತಾರೆ. ಅದೇ ದೇಶದ ಹಾಮಾಕರ್ ಎಂಬವನು ಸಣ್ಣ ಗುಂಡುಗಳ ನಡುವೆ ಈ ಸೆಳೆತ ಎಷ್ಟಿರುತ್ತದೆ ಎಂದು ಲೆಕ್ಕ ಕಟ್ಟಿ ಪ್ರಕಟಿಸಿದ್ದು 1937ರಲ್ಲಿ, ಕಾರ್ಲ್ಸನ್ ಪೇಟೆಂಟ್ ಅರ್ಜಿ ಹಾಕಿದ ವರ್ಷವೇ. ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರಲ್ಲ. ಈ ಸೆಳೆತದ ಗುಣವೇನೆಂದರೆ ದೂರ ಹೆಚ್ಚಿತೋ, ಬಿದ್ದೇಹೋಗುತ್ತದೆ. ಗುಂಡು ಮತ್ತು ಫಲಕದ ನಡುವಿನ ಸಂದು ಎರಡರಷ್ಟಾದರೆ ಬಲ ಕಾಲುಭಾಗ. ಹತ್ತರಷ್ಟಾದರೆ ನೂರನೇ ಒಂದು ಪಾಲು. ಅದೂ ಎಂಥ ಸಂದು? ಒಂದು ಮೈಕ್ರಾನನ್ನು ಸಾವಿರ ಮಾಡಿದರೆ ಬರುವ ನ್ಯಾನೋಮೀಟರಿನ ಅರ್ಧದಷ್ಟು.

ಈಗ ಆ ಕಣದ ಮೈಮೇಲೆ ಹತ್ತು ನ್ಯಾನೋಮೀಟರ್ ಎತ್ತರದ ಒಂದೆರಡು ಉಬ್ಬು ಇವೆ ಅಂತಿಟ್ಟುಕೊಳ್ಳಿ. ಕಣ್ಣಿಗಿರಲಿ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಅವು ಕಾಣುವುದಿಲ್ಲ. ಆದರೆ ಫಲಕವನ್ನು ಮುಟ್ಟುವುದು ಆ ಉಬ್ಬಿನ ತುದಿ ಮಾತ್ರ, ಇಡೀ ದೇಹ ಹತ್ತು ನ್ಯಾನೋಮೀಟರ್ ದೂರ ನಿಂತುಬಿಡುತ್ತದೆ. ಹಿಡಿತ ನೂರಾರು ಪಟ್ಟು ಇಳಿಯಬಹುದು. ಮುಳ್ಳುಹಲಸು ನೆಲದ ಮೇಲೆ ಕೂತ ಹಾಗೆ: ಕಾಯಿ ದೊಡ್ಡದು, ನೆಲ ಮುಟ್ಟಿರುವುದು ನಾಲ್ಕು ಮುಳ್ಳು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿದ್ದ ಹಾನ್ಸ್ ರುಂಪ್ ಇಂಥ ಉಬ್ಬಿನ ಲೆಕ್ಕಕ್ಕೆ ಸೂತ್ರ ಕೊಟ್ಟವರಲ್ಲಿ ಒಬ್ಬ. 1975ರಲ್ಲಿ ಕೇಂಬ್ರಿಜ್ಜಿನ ಫುಲ್ಲರ್ ಮತ್ತು ಟೇಬರ್ ಎಂಬಿಬ್ಬರು ಮೆತ್ತನೆಯ ರಬ್ಬರ್ ಗುಂಡುಗಳನ್ನು ಬೇರೆ ಬೇರೆ ಮಟ್ಟಕ್ಕೆ ಒರಟು ಮಾಡಿದ ಫಲಕಗಳ ಮೇಲೆ ಒತ್ತಿ ನೋಡಿದರು. ಅಲ್ಪಸ್ವಲ್ಪ ಒರಟುತನವೇ ಅಂಟನ್ನು ಹೆಚ್ಚೂಕಡಿಮೆ ಅಳಿಸಿಹಾಕುತ್ತದೆ ಎಂದು ಅಲ್ಲಿ ಕಂಡಿತು.

ಹಾಗಂತ ಒರಟಾದರೆ ಯಾವಾಗಲೂ ಅಂಟದು ಎನ್ನುವ ಹಾಗೂ ಇಲ್ಲ. ಕರಿಹಲಗೆಯನ್ನು ನೋಡಿ. ಹೊಸ ಗಾಜಿನ ಮೇಲೆ ಬಳಪ ಜಾರುತ್ತದೆ. ಒರಟು ಹಲಗೆ ಬಳಪವನ್ನು ಕೆರೆದುಕೊಂಡು ಅದರ ಪುಡಿಯನ್ನು ತನ್ನ ಗುಳಿಗಳಲ್ಲಿ ತುಂಬಿಕೊಳ್ಳುತ್ತದೆ. ಕಣಕ್ಕಿಂತ ಗುಳಿ ದೊಡ್ಡದಿದ್ದರೆ ಕಣ ಅದರಲ್ಲಿ ಕೂತು ಎರಡು ಮೂರು ಕಡೆಯಿಂದ ತಬ್ಬಿಸಿಕೊಳ್ಳುತ್ತದೆ, ಆಗ ಬಿಡಿಸುವುದು ಕಷ್ಟ. ಒರಟುತನ ಎಷ್ಟು ಎಂಬುದಷ್ಟೇ ಮುಖ್ಯವಲ್ಲ. ಕಣದ ಅಳತೆಗೆ ಹೋಲಿಸಿದರೆ ಎಷ್ಟು ಎಂಬುದು ಮುಖ್ಯ.

ಈಗ ಆಸ್ಟೋರಿಯಾದ ಕೋಣೆಗೆ ವಾಪಸು ಬನ್ನಿ. ಲೈಕೋಪೋಡಿಯಂ ಎಂಬುದು ಒಂದು ಬಗೆಯ ಪಾಚಿಯಂಥ ಸಣ್ಣ ಗಿಡದ ಬೀಜಕಗಳ ಹಳದಿ ಪುಡಿ. ಒಂದೊಂದು ಬೀಜಕ ಸುಮಾರು 30 ಮೈಕ್ರಾನ್, ಅದರ ಮೈಮೇಲೆಲ್ಲ ಬಲೆ ಹೆಣೆದಂಥ ಏಣುಗಳು. ಅದಕ್ಕೇ ಅದು ನೀರಿನಂತೆ ಹರಿಯುತ್ತದೆ, ಗಂಟು ಕಟ್ಟುವುದಿಲ್ಲ. ಹಿಂದೆ ಔಷಧಿ ತಯಾರಿಸುವವರು ಗುಳಿಗೆಗಳು ಒಂದಕ್ಕೊಂದು ಮೆತ್ತಿಕೊಳ್ಳದಿರಲೆಂದು ಇದೇ ಪುಡಿಯಲ್ಲಿ ಹೊರಳಿಸುತ್ತಿದ್ದರು. ಏಣುಗಳಿಂದಾಗಿ ತಗಡಿನ ಮೇಲೆ ಅದರ ಸಹಜ ಹಿಡಿತ ತೀರಾ ದುರ್ಬಲ. ಬಾಯಿಂದ ಊದಿದ ಗಾಳಿಗೇ ಎದ್ದುಹೋಗುತ್ತದೆ. ವಿದ್ಯುದಾವೇಶ ಇದ್ದ ಜಾಗದಲ್ಲಿ ಮಾತ್ರ ಅದು ಜಗ್ಗಲಿಲ್ಲ. ಕಾರ್ಲ್ಸನ್ ಈ ಲೆಕ್ಕವೆಲ್ಲ ಹಾಕಿ ಆ ಪುಡಿಯನ್ನು ಆರಿಸಿದ ಅಂತ ನಾನು ಹೇಳುತ್ತಿಲ್ಲ. ಪುಡಿಯ ಚಿತ್ರ ಮೂಡಿಸುವ ಪ್ರಯೋಗಗಳಿಗೆ ಅದು ಹಿಂದಿನಿಂದಲೂ ಬಳಕೆಯಲ್ಲಿತ್ತು. ಆದರೆ ನಯವಾದ, ಕಚ್ಚಿಕೊಳ್ಳುವ ಪುಡಿಯೊಂದು ಆ ದಿನ ಕೈಗೆ ಸಿಕ್ಕಿದ್ದರೆ ಊದಿದರೂ ತಗಡೆಲ್ಲ ಮಸುಕಾಗಿ, ಅಕ್ಷರ ಅದರಲ್ಲೇ ಮುಳುಗಿಹೋಗುತ್ತಿತ್ತೋ ಏನೋ.

ಮುಂದಿನ ದಿನಗಳು ಸುಖದವಲ್ಲ. ಕೋರ್ನೈ ಕೆಲವೇ ತಿಂಗಳಲ್ಲಿ ಐಬಿಎಂ ಕಂಪನಿಯಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಮುಂದೆ ಬರಬಹುದಾದ ಲಾಭದಲ್ಲಿ ತನ್ನ ಪಾಲನ್ನೂ ಬಿಟ್ಟುಕೊಟ್ಟು ಹೋದ. ಯಾರು ತಾನೇ ಬಿಡುತ್ತಿರಲಿಲ್ಲ? 1939ರಿಂದ 1944ರವರೆಗೆ ಕಾರ್ಲ್ಸನ್ ತನ್ನ ಸಾಮಾನಿನ ಪೆಟ್ಟಿಗೆ ಹೊತ್ತು ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳ ಬಾಗಿಲು ತಟ್ಟಿದ. ಐಬಿಎಂ, ಜನರಲ್ ಎಲೆಕ್ಟ್ರಿಕ್, ಆರ್‌ಸಿಎ, ಎಲ್ಲರೂ ನೋಡಿದರು, ಯಾರೂ ಹತ್ತಿರ ಸೇರಿಸಲಿಲ್ಲ. 1942ರಲ್ಲಿ ಪೇಟೆಂಟ್ ಕೈಗೆ ಬಂತು, ಕೊಳ್ಳುವವರಿಲ್ಲ. ಸಂಸಾರವೂ ಬಿರುಕು ಬಿಟ್ಟು 1945ರಲ್ಲಿ ವಿಚ್ಛೇದನವಾಯಿತು. ಆಸ್ತಿ ಹೊಣೆ ಪಟ್ಟಿ ಬರೆದಿದ್ದರೆ ಆಗ ಆಸ್ತಿಯ ಕಡೆ ಒಂದೇ ಬಾಬು: ಆ ಪೇಟೆಂಟ್. ಅದರ ಬೆಲೆ ಎಷ್ಟೆಂದು ಯಾವ ಆಡಿಟರೂ ಹೇಳುವ ಹಾಗಿರಲಿಲ್ಲ.

1944ರಲ್ಲಿ ಅದೃಷ್ಟ ತಿರುಗಿತು. ಬೇರೆ ಯಾವುದೋ ಪೇಟೆಂಟ್ ವಿಷಯಕ್ಕೆ ಕಾರ್ಲ್ಸನ್‌ನ ಕಚೇರಿಗೆ ಬಂದ ಒಬ್ಬ ಎಂಜಿನಿಯರ್ ಮಾತಿನ ಮಧ್ಯೆ ಇದನ್ನು ಕೇಳಿದ. ಅವನು ಒಹಾಯೋ ರಾಜ್ಯದ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆಯವನು. ಸಂಸ್ಥೆ ಕೆಲಸ ಕೈಗೆತ್ತಿಕೊಂಡಿತು. ಸ್ವಲ್ಪ ದಿನಕ್ಕೆ ರೋಚೆಸ್ಟರ್ ಊರಿನ ಹ್ಯಾಲಾಯ್ಡ್ ಎನ್ನುವ ಸಣ್ಣ ಕಂಪನಿ ಜೊತೆಗೆ ಬಂತು. ಫೋಟೋ ಕಾಗದ ಮಾಡುತ್ತಿದ್ದ, ಪಕ್ಕದಲ್ಲೇ ಇದ್ದ ಕೊಡಕ್ಕಿನ ನೆರಳಲ್ಲಿ ಬದುಕುತ್ತಿದ್ದ ಕಂಪನಿ ಅದು. ಅದರ ಯಜಮಾನ ಜೋಸೆಫ್ ವಿಲ್ಸನ್ ತನ್ನ ಕಂಪನಿಯ ಭವಿಷ್ಯವನ್ನೆಲ್ಲ ಈ ಒಂದು ಪುಡಿಯ ಮೇಲೆ ಹೂಡಿದ.

ಬ್ಯಾಟೆಲ್ಲಿನವರು ಗಂಧಕದ ಬದಲು ಸೆಲೆನಿಯಂ ತಂದರು. ಅದು ಬೆಳಕಿಗೆ ಎಷ್ಟೋ ಪಟ್ಟು ಚುರುಕು. ಕರವಸ್ತ್ರದ ಉಜ್ಜಾಟ ಹೋಗಿ ತಂತಿಯಿಂದ ಆವೇಶ ಸಿಂಪಡಿಸುವ ಸಲಕರಣೆ ಬಂತು. ಆದರೆ ಪುಡಿಯದೇ ಗೋಳು. ಕಪ್ಪು ಅಕ್ಷರಕ್ಕೆ ಕಪ್ಪು ರಾಳದ ಪುಡಿಯೇ ಬೇಕು, ಅದು ಲೈಕೋಪೋಡಿಯಂ ಹಾಗೆ ಸಾಧು ಅಲ್ಲ. ನಯವಾದ ಫಲಕದ ಬಿಳಿ ಭಾಗದ ಮೇಲೂ ಕೂತು ಹಾಳೆಯೆಲ್ಲ ಮಬ್ಬಾಗಿಸುತ್ತಿತ್ತು. ಅದಕ್ಕೆ ಅವರು ಕಂಡ ಉಪಾಯ ಸೊಗಸಾದದ್ದು. ಪುಡಿಯನ್ನು ಒಂಟಿಯಾಗಿ ಬಿಡದೆ, ಅದಕ್ಕಿಂತ ಎಷ್ಟೋ ದೊಡ್ಡದಾದ ಹರಳುಗಳ ಜೊತೆ ಕಲಸಿದರು. ಕುಲುಕಾಟದಲ್ಲಿ ಪುಡಿಗೂ ಹರಳಿಗೂ ವಿರುದ್ಧ ಆವೇಶ ಬಂದು, ಪುಡಿ ಹರಳಿನ ಮೈಗೆ ಹತ್ತಿಕೊಳ್ಳುತ್ತದೆ. ಹರಳುಗಳನ್ನು ಫಲಕದ ಮೇಲೆ ಉರುಳಿಸಿದರೆ ಅಕ್ಷರವಿದ್ದಲ್ಲಿ ಬಲವಾದ ಸೆಳೆತ ಪುಡಿಯನ್ನು ಕಿತ್ತುಕೊಳ್ಳುತ್ತದೆ. ಖಾಲಿ ಜಾಗದಲ್ಲಿ ತಪ್ಪಿ ಕೂತ ಪುಡಿಯನ್ನು ಹಿಂದಿನಿಂದ ಬರುವ ಹರಳು ತಟ್ಟಿ ಎಬ್ಬಿಸಿ ಹೊತ್ತೊಯ್ಯುತ್ತದೆ. ಊದುವ ಕೆಲಸವನ್ನು ಹರಳಿಗೆ ವಹಿಸಿದ ಹಾಗಾಯಿತು.

ಒಣ ಬರಹ ಎಂಬ ಅರ್ಥದ ಗ್ರೀಕ್ ಪದಗಳಿಂದ ಝೆರಾಗ್ರಫಿ ಎಂಬ ಹೆಸರು ಕಟ್ಟಿದರು. 1948ರ ಅಕ್ಟೋಬರ್ 22ರಂದು, ಆಸ್ಟೋರಿಯಾದ ದಿನಕ್ಕೆ ಸರಿಯಾಗಿ ಹತ್ತು ವರ್ಷಕ್ಕೆ, ಡೆಟ್ರಾಯಿಟ್ಟಿನಲ್ಲಿ ಸಾರ್ವಜನಿಕವಾಗಿ ತೋರಿಸಿದರು. ಮರುವರ್ಷ ಬಂದ ಮೊದಲ ಯಂತ್ರ ಕೈಕೆಲಸದ ಗುಡ್ಡೆ. ಕಚೇರಿಯವರು ಅದನ್ನು ಒಲ್ಲೆ ಅಂದರು. ಆಫ್‌ಸೆಟ್ ಮುದ್ರಣದ ಪ್ಲೇಟು ಮಾಡುವುದಕ್ಕೆ ಅದು ಒದಗಿ ಕಂಪನಿ ಹೇಗೋ ಉಸಿರು ಹಿಡಿದುಕೊಂಡಿತು.

ಉಳಿದ ಹತ್ತು ವರ್ಷ ಹೋದದ್ದು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತಾನಾಗಿ ನಡೆಯುವಂತೆ ಮಾಡುವುದರಲ್ಲಿ. ಸೆಲೆನಿಯಂ ಬಳಿದ ಉರುಳೆಯಿಂದ ಪುಡಿ ಕಾಗದಕ್ಕೆ ಜಿಗಿಯಬೇಕು. ಕಾಗದ ನಮ್ಮ ಕಣ್ಣಿಗೆ ನಯ. ಹತ್ತು ಮೈಕ್ರಾನಿನ ಕಣಕ್ಕೆ ಅದು ಸಹ್ಯಾದ್ರಿಯ ಘಟ್ಟವಿದ್ದ ಹಾಗೆ. ನಾರಿನ ದಿಣ್ಣೆಗಳು ಪುಡಿಯನ್ನು ಮುಟ್ಟುತ್ತವೆ, ಕಣಿವೆಗಳು ಮುಟ್ಟುವುದಿಲ್ಲ. ಮುಟ್ಟದಿದ್ದಲ್ಲಿ ಪುಡಿ ಉರುಳೆಯಲ್ಲೇ ಉಳಿಯುತ್ತದೆ. ಕಾಗದದ ಬೆನ್ನಿಗೆ ಆವೇಶ ಕೊಟ್ಟು ಆ ಕಣಿವೆಯ ಆಚೆಯಿಂದ ಸೆಳೆಯಬೇಕು. ಆದರೂ ಎಲ್ಲವೂ ಬಾರದು. ಉಳಿದದ್ದನ್ನು ತುಪ್ಪಳದ ಬ್ರಷ್ಷಿನಿಂದ ಒರೆಸಿ ಉರುಳೆಯನ್ನು ಮುಂದಿನ ಪ್ರತಿಗೆ ಅಣಿಮಾಡಬೇಕು. ಗಡಸು ಬ್ರಷ್ಷಾದರೆ ಸೆಲೆನಿಯಂ ಗೀಚಿಹೋಗುತ್ತದೆ. ಇನ್ನು ಕಾಗದಕ್ಕೆ ಬಂದ ಪುಡಿಗೆ ಬಿಸಿ ಕೊಟ್ಟು ಕರಗಿಸಿದ ಕೂಡಲೇ ಆಟವೇ ತಿರುಗುತ್ತದೆ. ಒಣಗಿದ್ದಾಗ ಪುಡಿಯನ್ನು ದೂರ ಇಟ್ಟ ಅದೇ ಒರಟು ಕಾಗದ, ಪುಡಿ ಕರಗಿದಾಗ ಅದನ್ನು ತನ್ನ ನಾರಿನ ಸಂದಿಗಳಿಗೆ ಇಳಿಸಿಕೊಂಡು ಬಿಗಿಯಾಗಿ ಹಿಡಿಯುತ್ತದೆ. ನಿಮ್ಮ ಕೈಯ ಬೆಚ್ಚನೆಯ ಹಾಳೆ ಈ ಹಂತದ್ದು.

1959ರಲ್ಲಿ ಝೆರಾಕ್ಸ್ 914 ಹೊರಬಂತು. ಒಂಬತ್ತು ಅಂಗುಲ ಅಗಲ, ಹದಿನಾಲ್ಕು ಅಂಗುಲ ಉದ್ದದ ಹಾಳೆಯವರೆಗೂ ಪ್ರತಿ ಮಾಡುತ್ತಿದ್ದರಿಂದ ಆ ಹೆಸರು. ತೂಕ 294 ಕಿಲೋ. ನಿಮಿಷಕ್ಕೆ ಏಳು ಪ್ರತಿ. ಕಾಗದ ಸಿಕ್ಕಿಕೊಂಡರೆ ಬೆಂಕಿ ಹತ್ತುವುದೂ ಇತ್ತು. ಅದಕ್ಕೆ ಯಂತ್ರದ ಜೊತೆಗೇ ಬೆಂಕಿ ಆರಿಸುವ ಸಾಧನ ಕೊಟ್ಟು, ಅದಕ್ಕೊಂದು ಗಾಬರಿಯಾಗದ ಹೆಸರಿಟ್ಟರಂತೆ. ಇದಕ್ಕೆ ಮೊದಲು ಐಬಿಎಂ ಇನ್ನೊಂದು ಸಲ ಬೇಡ ಅಂದಿತ್ತು. ಇಷ್ಟು ದುಬಾರಿ ಯಂತ್ರ ಯಾರು ಕೊಳ್ಳುತ್ತಾರೆ? ಕೊಳ್ಳಬೇಡಿ, ಬಾಡಿಗೆಗೆ ತಗೊಳ್ಳಿ ಎಂಬುದು ಕಂಪನಿಯ ಉತ್ತರ. ತಿಂಗಳಿಗೆ 95 ಡಾಲರ್, ಅದರಲ್ಲಿ 2000 ಪ್ರತಿ ಸೇರಿತ್ತು; ಮೇಲಿನದಕ್ಕೆ ಪ್ರತಿಯೊಂದಕ್ಕೆ ಕೆಲವು ಸೆಂಟ್. ಜನ ಎರಡು ಸಾವಿರಕ್ಕೆ ನಿಲ್ಲಲಿಲ್ಲ. ಲಾಭವೆಲ್ಲ ಆ ಮೇಲಿನದರಲ್ಲಿ. ನಮ್ಮ ಕ್ಲಾಸಿನಲ್ಲಿ ಬ್ರೇಕ್-ಈವನ್ ಪಾಠ ಮಾಡುವಾಗ ಕೊಡಬೇಕಾದ ಉದಾಹರಣೆ ಇದು, ಕೊಡುವುದು ಮಾತ್ರ ಹೊಲಿಗೆ ಯಂತ್ರದ್ದು. 1961ರಲ್ಲಿ ಕಂಪನಿ ತನ್ನ ಹಳೇ ಹೆಸರನ್ನೇ ಕಳಚಿ ಝೆರಾಕ್ಸ್ ಕಾರ್ಪೊರೇಷನ್ ಆಯಿತು.

ಕಾರ್ಲ್ಸನ್‌ಗೆ ಆಗ ಐವತ್ತೈದು. ಇದ್ದಕ್ಕಿದ್ದ ಹಾಗೆ ಕೋಟ್ಯಧೀಶ. ಆದರೆ ಮನೆ ಅದೇ, ಬಟ್ಟೆ ಅದೇ, ಮೆಲುದನಿಯ ಸ್ವಭಾವವೂ ಅದೇ. ಎಂದೋ ಪಾಲು ಬಿಟ್ಟುಕೊಟ್ಟು ಹೋಗಿದ್ದ ಕೋರ್ನೈಗೆ ತಾನಾಗಿ ನೂರು ಷೇರು ಕಳಿಸಿದ. 1946ರಲ್ಲಿ ಮದುವೆಯಾದ ಎರಡನೇ ಹೆಂಡತಿ ಡೋರಿಸ್‌ಳಿಂದ ಆತನಿಗೆ ವೇದಾಂತದ ಕಡೆಗೂ ಝೆನ್ ಬೌದ್ಧರ ಧ್ಯಾನದ ಕಡೆಗೂ ಒಲವು ಹತ್ತಿತು. ಸಾಯುವ ಮೊದಲು ಎಲ್ಲವನ್ನೂ ಕೊಟ್ಟು ಮುಗಿಸಬೇಕೆಂಬ ಹಟ ಹಿಡಿದ. ಸುಮಾರು 15 ಕೋಟಿ ಡಾಲರ್ ಸಂಪತ್ತಿನಲ್ಲಿ 10 ಕೋಟಿಯಷ್ಟು ಹಂಚಿದ, ಹೆಚ್ಚಿನದನ್ನು ತನ್ನ ಹೆಸರು ಹೇಳದೆ: ಓದಿದ ಕಾಲೇಜಿಗೆ, ಕರಿಯರ ಹಕ್ಕುಗಳಿಗಾಗಿ ದುಡಿಯುವವರಿಗೆ, ಶಾಂತಿಯ ಕೆಲಸಕ್ಕೆ, ರೋಚೆಸ್ಟರಿನ ಝೆನ್ ಕೇಂದ್ರಕ್ಕೆ. ಪುನರ್ಜನ್ಮದ ನೆನಪುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್‌ಗೂ ದುಡ್ಡು ಕೊಟ್ಟ, ಉಯಿಲಿನಲ್ಲೂ ಅದಕ್ಕೆ ತೆಗೆದಿಟ್ಟ. ಆ ಸಂಶೋಧನೆ ಮುಂದೆ ಭಾರತದಲ್ಲೂ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರೂ ಅದರಲ್ಲಿ ಕೈಗೂಡಿಸಿದರು. ಪುನರ್ಜನ್ಮದ ಮಾತನ್ನು ನಾನು ಅಷ್ಟಾಗಿ ನಂಬುವವನಲ್ಲ, ಆದರೆ ಸೈನ್-ಬೋರ್ಡಿಗೂ ಹೆಸರು ಬಿಡದ ಈ ಮನುಷ್ಯನ ದುಡ್ಡಿನ ಎಳೆ ಅಲ್ಲಿಯವರೆಗೆ ಬಂದಿದೆ.

1968ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನಲ್ಲಿ ಕೆಲಸ ಮುಗಿಸಿ, ಹೊತ್ತು ಕಳೆಯಲು ಒಬ್ಬನೇ ಒಂದು ಸಿನಿಮಾಕ್ಕೆ ಹೋದ. ಆಟ ಮುಗಿದರೂ ಏಳಲಿಲ್ಲ. ನಿದ್ದೆ ಹೋಗಿದ್ದಾನೆಂದು ಥಿಯೇಟರಿನ ಆಳು ತಿಳಿದ. ಹೃದಯಾಘಾತವಾಗಿತ್ತು. 62 ವರ್ಷ.

ಆತ ತೀರಿಕೊಂಡ ಮೇಲೆ ಪುಡಿ ಇನ್ನೂ ಸಣ್ಣದಾಗುತ್ತ, ಗುಂಡಗಾಗುತ್ತ ಬಂತು. ಸಣ್ಣದಾದಷ್ಟೂ ಉರುಳೆಯನ್ನು ಬಿಟ್ಟು ಬರಲೊಲ್ಲದು. ಈಗಿನ ಟೋನರ್ ತಯಾರಕರು ಮಾಡುವುದೇನೆಂದರೆ, ಒಂದೊಂದು ಕಣದ ಮೈಗೂ ಹತ್ತಾರು ನ್ಯಾನೋಮೀಟರಿನ ಸಿಲಿಕಾ ಕಣಗಳನ್ನು ಚಿಮುಕಿಸಿ ಬೇಕೆಂದೇ ಒರಟು ಮಾಡುತ್ತಾರೆ. ಆ ಸಿಲಿಕಾ ಹರಳುಗಳ ಮೇಲೆ ನಿಂತ ಟೋನರ್ ಉರುಳೆಗೆ ತೀರಾ ಹತ್ತಿರ ಹೋಗಲಾರದು. ಡಬ್ಬಿಯಲ್ಲಿ ಗಂಟು ಕಟ್ಟದೆ ಹರಿಯುತ್ತದೆ, ಕರೆದಾಗ ಕಾಗದಕ್ಕೆ ಬರುತ್ತದೆ. ಆಸ್ಟೋರಿಯಾದಲ್ಲಿ ಆ ಹಳದಿ ಬೀಜಕದ ಮೈಮೇಲೆ ಗಿಡವೇ ಹೆಣೆದು ಕೊಟ್ಟಿದ್ದ ಏಣುಗಳ ಕೆಲಸವನ್ನು ಈಗ ಕಾರ್ಖಾನೆಯಲ್ಲಿ ಸಿಲಿಕಾ ಮಾಡುತ್ತಿದೆ.